ಗಣಕಯಂತ್ರದ ಉಗ್ರಾಣ

ಹೊರನಾಡಿನಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಗ ಗಣಕಯಂತ್ರವಿಲ್ಲದ ಮನೆ ಅಪರೂಪ. ಮೇಜಿನ ಮೇಲೆ ದೊಡ್ಡ ಯಂತ್ರವಿರದಿದ್ದರೂ ಅಂಗೈಯಗಲದ ಮೊಬೈಲಾದರೂ ಇದ್ದೇ ಇರುತ್ತದೆ, ಅದೂ ಗಣಕಯಂತ್ರವೇ. ಮಕ್ಕಳ ನಾಮಕರಣದ ಚಿತ್ರಗಳು, ಊರಿನ ಮನೆ-ಜಮೀನಿನ ಕಾಗದಪತ್ರಗಳು, ಅಜ್ಜಿ ಹೇಳಿದ ಹಾಡಿನ ಧ್ವನಿಮುದ್ರಣ, ಸಂಘದ ಹಳೆಯ ಸಂಚಿಕೆಗಳು, ಒಂದು ಕಾಲಕ್ಕೆ ಟ್ರಂಕಿನ ತಳದಲ್ಲಿ ಇರುತ್ತಿದ್ದ ಇವೆಲ್ಲ ಈಗ ಅದರ ಹೊಟ್ಟೆಯೊಳಗೆ ಸೇರಿವೆ.

ಫೋಲ್ಡರೊಂದನ್ನು ತೆರೆದೊಡನೆ ಅದರಲ್ಲಿರುವ ಫೈಲುಗಳ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಅದರಲ್ಲೇನು ವಿಶೇಷವೆಂದು ನಾವು ಯಾರೂ ಕೇಳುವುದಿಲ್ಲ. ಆದರೆ ತಂದೆಯ ಯಂತ್ರದಲ್ಲಿರುವುದು ವಿಂಡೋಸ್, ಮಗಳದರಲ್ಲಿ ಆಪಲ್ ಕಂಪನಿಯ ವ್ಯವಸ್ಥೆ, ಮೊಮ್ಮಗನ ಮೊಬೈಲಿನಲ್ಲಿ ಆಂಡ್ರಾಯ್ಡ್. ಒಂದೊಂದೂ ಹೆಸರುಗಳನ್ನು ಒಂದೊಂದು ಬಗೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೀಗಿದ್ದರೂ ಎಲ್ಲ ಕಡೆಯೂ ಪಟ್ಟಿ ಸರಿಯಾಗಿ ಕಾಣುವುದಾದರೂ ಹೇಗೆ? ಅದು ತಾನಾಗಿ ಆದದ್ದಲ್ಲ. ಕೆಲವು ಜನ ಕುಳಿತು, ವಾದಿಸಿ, ಕೆಲವನ್ನು ಬಿಟ್ಟುಕೊಟ್ಟು ಮಾಡಿಕೊಂಡ ಒಪ್ಪಂದದ ಫಲ ಅದು. ನಮ್ಮ ಮಕ್ಕಳಲ್ಲಿ ಅನೇಕರು ಇದೇ ಉದ್ಯೋಗದಲ್ಲಿದ್ದಾರೆ. ಅವರ ಕೆಲಸದ ಒಳಹೊರಗನ್ನು ಮನೆಯ ಹಿರಿಯರೂ ಸ್ವಲ್ಪ ಅರಿಯಲೆಂದು ಈ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ. ಕೊನೆಗೆ ಇದು ನಮ್ಮ ಕನ್ನಡದ ಹೆಸರುಗಳಿಗೂ ಬಂದು ಮುಟ್ಟುತ್ತದೆ.

ಎಲ್ಲರೂ ಒಳನುಗ್ಗುವ ಉಗ್ರಾಣ

ಮದುವೆಯ ಮನೆಯ ಉಗ್ರಾಣವನ್ನು ನೆನೆದುಕೊಳ್ಳೋಣ. ಅಕ್ಕಿ ಬೇಳೆ ಬೆಲ್ಲಗಳೆಲ್ಲ ಒಂದು ಕೋಣೆಯಲ್ಲಿ. ಬಾಗಿಲಲ್ಲಿ ಒಬ್ಬ ಹಿರಿಯರು. ಅಡಿಗೆಯವರು ಬಂದು ಬೇಕಾದುದನ್ನು ಕೇಳುತ್ತಾರೆ, ಹಿರಿಯರು ತೆಗೆದುಕೊಡುತ್ತಾರೆ. ಯಾವ ಡಬ್ಬಿ ಎಲ್ಲಿದೆಯೆಂಬುದು ಅವರೊಬ್ಬರಿಗೆ ಗೊತ್ತಿದ್ದರೆ ಸಾಕು. ಈ ಏರ್ಪಾಡು ತಪ್ಪಿ ಬಂದವರೆಲ್ಲ ತಾವೇ ಒಳಹೊಕ್ಕು ಕೈಹಾಕತೊಡಗಿದರೆ ಏನಾದೀತು? ಡಬ್ಬಿಗಳು ಇದ್ದಲ್ಲೇ ಇರುವವರೆಗೆ ಕೆಲಸ ಹೇಗೋ ಸಾಗುತ್ತದೆ. ಮಾರನೆಯ ದಿನ ಯಾರಾದರೂ ಸಾಲನ್ನು ಬದಲಿಸಿ ಇಟ್ಟರೆ ಸಕ್ಕರೆಯ ಬದಲು ಉಪ್ಪು ಪಾಯಸಕ್ಕೆ ಬೀಳುತ್ತದೆ.

ಗಣಕಯಂತ್ರದ ಉಗ್ರಾಣವೂ ಮೊದಲು ಹೀಗೆಯೇ ಇತ್ತು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೆ ಹಿಲ್ ಎಂಬಲ್ಲಿ ಬೆಲ್ ಪ್ರಯೋಗಾಲಯವಿದೆ. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲಾರಂಭಿಸಿದರು. ಫೋಲ್ಡರಿಗೆ ಅವರಲ್ಲಿ ಇದ್ದ ಹೆಸರು ಡೈರೆಕ್ಟರಿ. ಡೈರೆಕ್ಟರಿಯೂ ಒಂದು ಫೈಲೇ, ಉಳಿದ ಫೈಲುಗಳನ್ನು ಓದುವಂತೆ ಅದನ್ನೂ ಓದಬಹುದು ಎಂಬುದು ಅವರ ಸರಳ ಕಲ್ಪನೆ. ಒಂದೊಂದು ಫೈಲಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಡೈರೆಕ್ಟರಿಯಲ್ಲಿ ಇರುವುದು ಆ ಸಂಖ್ಯೆ ಮತ್ತು ಹೆಸರು, ಎರಡೇ. 1971ರ ಮೊದಲ ಕೈಪಿಡಿಯಲ್ಲಿ ಸಂಖ್ಯೆಗೆ 2 ಬೈಟು, ಹೆಸರಿಗೆ 8 ಬೈಟು ಎಂದಿತ್ತು. ಬೈಟು ಎಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಜಾಗವೆಂದು ಇಟ್ಟುಕೊಳ್ಳಬಹುದು. ಮುಂದೆ ಹೆಸರಿನ ಜಾಗವು 14 ಬೈಟಿಗೆ ಬೆಳೆಯಿತು. 1979ರಲ್ಲಿ ಹೊರಬಂದ ಏಳನೆಯ ಆವೃತ್ತಿಯಲ್ಲಿ ಒಂದೊಂದು ಸಾಲೂ ಸರಿಯಾಗಿ 16 ಬೈಟು: ಎರಡು ಸಂಖ್ಯೆಗೆ, ಹದಿನಾಲ್ಕು ಹೆಸರಿಗೆ.

ಎಲ್ಲ ಸಾಲುಗಳೂ ಒಂದೇ ಅಳತೆಯವಾದ್ದರಿಂದ ಪ್ರೋಗ್ರಾಮು ಬರೆಯುವವರಿಗೆ ಇದು ಬಲು ಸುಲಭವೆನಿಸಿತು. ಹದಿನಾರು ಹದಿನಾರಾಗಿ ಎಣಿಸಿ ಓದುತ್ತ ಹೋದರಾಯಿತು. ಪಟ್ಟಿಯನ್ನು ತೋರಿಸುವ ಪ್ರೋಗ್ರಾಮು, ಪ್ರತಿ ತೆಗೆಯುವ ಪ್ರೋಗ್ರಾಮು, ಹುಡುಕುವ ಪ್ರೋಗ್ರಾಮು, ಎಲ್ಲವೂ ತಾವೇ ಉಗ್ರಾಣಕ್ಕೆ ನುಗ್ಗಿ ಓದುತ್ತಿದ್ದವು. ಕರ್ನಿಘನ್ ಮತ್ತು ರಿಚಿ 1978ರಲ್ಲಿ ಬರೆದ ಸಿ ಭಾಷೆಯ ಪ್ರಸಿದ್ಧ ಪುಸ್ತಕದಲ್ಲಿಯೂ ಹೀಗೆ ನೇರವಾಗಿ ಓದುವ ಪ್ರೋಗ್ರಾಮನ್ನೇ ಮಾದರಿಯಾಗಿ ಕೊಟ್ಟಿತ್ತು.

ಸುಲಭವೇನೋ ಹೌದು, ಆದರೆ ಅದರಲ್ಲಿ ಎಡವುವ ಕಲ್ಲುಗಳೂ ಇದ್ದವು. ಒಂದು ಫೈಲನ್ನು ಅಳಿಸಿದರೆ ಅದರ ಸಾಲು ಹೋಗುತ್ತಿರಲಿಲ್ಲ. ಸಂಖ್ಯೆಯ ಜಾಗದಲ್ಲಿ ಸೊನ್ನೆ ಬೀಳುತ್ತಿತ್ತು, ಅಷ್ಟೆ. ಸೊನ್ನೆಯಿದ್ದುದನ್ನು ದಾಟಿ ಹೋಗಬೇಕೆಂಬುದನ್ನು ಮರೆತ ಪ್ರೋಗ್ರಾಮಿಗೆ ಸತ್ತ ಹೆಸರುಗಳೂ ಬದುಕಿರುವಂತೆ ಕಾಣುತ್ತಿದ್ದವು. ಹೆಸರು ಹದಿನಾಲ್ಕಕ್ಕಿಂತ ಚಿಕ್ಕದಾಗಿದ್ದರೆ ಅದು ಮುಗಿಯಿತೆಂದು ತಿಳಿಸುವ ಗುರುತಿರುತ್ತಿತ್ತು. ಸರಿಯಾಗಿ ಹದಿನಾಲ್ಕು ಇದ್ದರೆ ಆ ಗುರುತಿಗೂ ಜಾಗವಿಲ್ಲ. ಎಚ್ಚರವಿಲ್ಲದ ಪ್ರೋಗ್ರಾಮು ಆಗ ಮುಂದಿನ ಸಾಲಿಗೂ ಕೈಚಾಚುತ್ತಿತ್ತು. ಈ ಸೂಕ್ಷ್ಮಗಳನ್ನು ಒಬ್ಬೊಬ್ಬ ಪ್ರೋಗ್ರಾಮುಗಾರನೂ ತಾನೇ ನೆನಪಿಟ್ಟುಕೊಳ್ಳಬೇಕಾಗಿತ್ತು.

ಬಾಗಿಲಲ್ಲಿ ಕುಳಿತ ಹಿರಿಯರು

ಬದಲಾವಣೆ ಬಂದದ್ದು ಬರ್ಕ್ಲಿಯಿಂದ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬಳಗವೊಂದು ಅಲ್ಲಿ ಯೂನಿಕ್ಸನ್ನು ತನ್ನದೇ ರೀತಿಯಲ್ಲಿ ಬೆಳೆಸುತ್ತಿತ್ತು. ಕರ್ಕ್ ಮೆಕ್‌ಕ್ಯುಸಿಕ್, ಬಿಲ್ ಜಾಯ್, ಸ್ಯಾಮ್ಯುಯೆಲ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ ಎಂಬವರು ಸೇರಿ ಹೆಚ್ಚು ವೇಗವಾಗಿ ಕೆಲಸಮಾಡುವ ಹೊಸ ಫೈಲು ವ್ಯವಸ್ಥೆಯೊಂದನ್ನು ರಚಿಸಿದರು. 1983ರಲ್ಲಿ ಹೊರಬಂದ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಅದು ಜನರ ಕೈಗೆ ಬಂದಿತು. ಅದರಲ್ಲಿ ಹೆಸರು 255 ಬೈಟಿನವರೆಗೆ ಇರಬಹುದಾಗಿತ್ತು.

ಪ್ರತಿ ಹೆಸರಿಗೂ 255 ಬೈಟು ಮೀಸಲಿಟ್ಟರೆ ಜಾಗ ವ್ಯರ್ಥ. ಆದುದರಿಂದ ಸಾಲುಗಳನ್ನು ಹೆಸರಿನ ಉದ್ದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿದರು. ಪ್ರತಿ ಸಾಲಿನಲ್ಲಿ ಕ್ರಮಸಂಖ್ಯೆ, ಆ ಸಾಲಿನ ಒಟ್ಟು ಉದ್ದ, ಹೆಸರಿನ ಉದ್ದ, ಆಮೇಲೆ ಹೆಸರು. ಫೈಲನ್ನು ಅಳಿಸಿದರೆ ಅದರ ಜಾಗವನ್ನು ಹಿಂದಿನ ಸಾಲಿಗೆ ಸೇರಿಸಿಬಿಡುವುದು. 512 ಬೈಟಿನ ಕಟ್ಟಿನಲ್ಲಿ ಅದೇ ಮೊದಲನೆಯ ಸಾಲಾಗಿದ್ದರೆ, ಹಿಂದೆ ಸೇರಿಸಲು ಏನೂ ಇಲ್ಲವಾದ್ದರಿಂದ, ಸಂಖ್ಯೆಗೆ ಸೊನ್ನೆ ಹಾಕುವುದು. ಈ ಸಣ್ಣ ವಿವರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಕಥೆಯೊಂದು ಬರಲಿದೆ.

ಈಗ ಹದಿನಾರರ ಲೆಕ್ಕ ಹಿಡಿದು ನುಗ್ಗುತ್ತಿದ್ದ ಹಳೆಯ ಪ್ರೋಗ್ರಾಮುಗಳೆಲ್ಲ ಒಮ್ಮೆಗೇ ಕುರುಡಾದವು. ಪ್ರತಿಯೊಂದನ್ನೂ ತಿದ್ದಬೇಕಾಯಿತು. ಹೇಗೂ ತಿದ್ದಲೇಬೇಕಾದ ಮೇಲೆ ಇನ್ನೊಮ್ಮೆ ಈ ಗತಿ ಬರದಂತೆ ತಿದ್ದೋಣವೆಂದು ಬರ್ಕ್ಲಿಯವರು ಬಾಗಿಲಲ್ಲಿ ಒಬ್ಬ ಹಿರಿಯರನ್ನು ಕೂರಿಸಿದರು. ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್ ಎಂಬುವೇ ಅವರಿಗೆ ಹೇಳುವ ಮಾತುಗಳು. ಮೊದಲನೆಯದಕ್ಕೆ ಬಾಗಿಲು ತೆರೆಯುತ್ತದೆ. ಎರಡನೆಯದನ್ನು ಒಂದು ಸಲ ಹೇಳಿದರೆ ಒಂದು ಹೆಸರು ಬರುತ್ತದೆ. ಮತ್ತೆ ಹೇಳಿದರೆ ಮುಂದಿನದು. ಮೂರನೆಯದಕ್ಕೆ ಬಾಗಿಲು ಮುಚ್ಚುತ್ತದೆ. ಇವಲ್ಲದೆ, ಮೊದಲಿಂದ ಮತ್ತೆ ಹೇಳಿಸಿಕೊಳ್ಳಲು ರಿವೈಂಡ್‌ಡಿರ್; ಎಲ್ಲಿಗೆ ಬಂದೆವೆಂದು ಗುರುತು ಹಾಕಿಕೊಳ್ಳಲು ಟೆಲ್‌ಡಿರ್; ಗುರುತು ಹಾಕಿದಲ್ಲಿಗೆ ಹಿಂದಿರುಗಲು ಸೀಕ್‌ಡಿರ್. ಒಳಗೆ ಸಾಲು ಹದಿನಾರು ಬೈಟಿನದೋ ಇನ್ನೂರರದೋ ಎಂಬುದು ಕೇಳುವವನಿಗೆ ಬೇಡವಾದ ವಿಷಯವಾಯಿತು.

ಇದರ ಬೆಲೆ ಎರಡೇ ವರ್ಷದಲ್ಲಿ ಗೊತ್ತಾಯಿತು. 1985ರಲ್ಲಿ ಸನ್ ಕಂಪನಿಯು ಒಂದು ಯಂತ್ರದ ಫೈಲುಗಳನ್ನು ತಂತಿಯ ಮೂಲಕ ಇನ್ನೊಂದು ಯಂತ್ರದಲ್ಲಿ ತೆರೆಯುವ ಎನ್‌ಎಫ್‌ಎಸ್ ಏರ್ಪಾಡನ್ನು ತಂದಿತು. ಉಗ್ರಾಣವೇ ಬೇರೆ ಊರಿನಲ್ಲಿರುವಾಗ ಒಳಗೆ ನುಗ್ಗುವುದೆಲ್ಲಿ ಬಂತು? ಕೇಳಿ ಪಡೆಯುವುದೊಂದೇ ಉಳಿದ ದಾರಿ.

ಒಂದು ಹೆಸರಿಗೆ ನಾಲ್ಕು ಮನೆ

ಬರ್ಕ್ಲಿಯವರದು ಒಳ್ಳೆಯ ಮಾರ್ಗವೆಂದು ಹೆಚ್ಚಿನವರು ಒಪ್ಪಿದರು. ಆದರೆ ಯೂನಿಕ್ಸ್ ಒಡೆದು ಹಲವು ಮನೆಗಳಾಗಿತ್ತು. ಬೆಲ್‌ನ ಒಡೆಯರಾದ ಎಟಿಅಂಡ್‌ಟಿಯವರದೊಂದು ಶಾಖೆ, ಬರ್ಕ್ಲಿಯವರದೊಂದು, ಯಂತ್ರಗಳನ್ನು ಮಾರುವ ಕಂಪನಿಗಳವು ಮತ್ತೆಷ್ಟೋ. ಮಾತುಗಳು ಒಂದೇ ಆದರೂ ಅವುಗಳ ವಿವರವನ್ನು ಬರೆದಿಟ್ಟ ಫೈಲಿನ ಹೆಸರು ಒಂದೊಂದು ಕಡೆ ಒಂದೊಂದು. ಕೆಲವರಲ್ಲಿ ಸಿಸ್ ಡಿರ್, ಕೆಲವರಲ್ಲಿ ಎನ್‌ಡಿರ್, ಇನ್ನು ಕೆಲವರಲ್ಲಿ ಸಿಸ್ ಎನ್‌ಡಿರ್. ಸಿಗುವ ಚೀಟಿಗೆ ಹಿಂದೆ ಡೈರೆಕ್ಟ್ ಎಂಬ ಹೆಸರು, ಮುಂದೆ ಡೈರೆಂಟ್. ಪ್ರೋಗ್ರಾಮನ್ನು ಬೇರೆ ಯಂತ್ರಗಳಿಗೆ ಅಳವಡಿಸುವಾಗ ನೆರವಾಗುವ ಆಟೋಕಾನ್ಫ್ ಎಂಬ ಸಾಧನವಿದೆ. ಅದು ಈ ಮೂರರ ಜೊತೆಗೆ ಹೊಸದಾದ ಡೈರೆಂಟನ್ನೂ ಸೇರಿಸಿ ನಾಲ್ಕು ಬಾಗಿಲನ್ನು ಒಂದರ ನಂತರ ಒಂದು ತಟ್ಟಿನೋಡುತ್ತದೆ. ವಿಳಾಸ ತಿಳಿಯದೆ ಬೀದಿಯಲ್ಲಿ ಮನೆಮನೆಯಲ್ಲೂ ವಿಚಾರಿಸುವ ಅತಿಥಿಯಂತೆ!

ಈ ಗೊಂದಲವನ್ನು ಬಿಡಿಸಲು ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ ಸಮಿತಿಯೊಂದು ಕುಳಿತಿತು. 1988ರಲ್ಲಿ ಅದು ಹೊರಡಿಸಿದ ಮಾನಕಕ್ಕೆ ಪಾಸಿಕ್ಸ್ ಎಂದು ಹೆಸರು. ಹೆಸರನ್ನು ಸೂಚಿಸಿದವರು ರಿಚರ್ಡ್ ಸ್ಟಾಲ್‌ಮನ್. 1990ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಡೈರೆಕ್ಟರಿಯನ್ನು ಓದುವ ವಿಷಯದಲ್ಲಿ ಅದು ಹೇಳಿದುದಕ್ಕಿಂತಲೂ ಹೇಳದೆ ಬಿಟ್ಟದ್ದರಲ್ಲಿ ಹೆಚ್ಚು ವಿವೇಕವಿದೆಯೆಂದು ನಮಗೆ ತೋರುತ್ತದೆ.

ತೆರೆಯುವುದು, ಓದುವುದು, ಮೊದಲಿಗೆ ಹೋಗುವುದು, ಮುಚ್ಚುವುದು, ಈ ನಾಲ್ಕನ್ನು ಇಟ್ಟುಕೊಂಡರು. ಗುರುತು ಹಾಕಿ ಹಿಂದಿರುಗುವ ಎರಡನ್ನು ಆಗ ಕೈಬಿಟ್ಟರು. ಎಲ್ಲ ಬಗೆಯ ಉಗ್ರಾಣದಲ್ಲಿಯೂ ಅದನ್ನು ನಡೆಸಿಕೊಡುವುದು ಕಷ್ಟ. ಚೀಟಿಯಲ್ಲಿ ಹೆಸರೊಂದಿದ್ದರೆ ಸಾಕು, ಉಳಿದುದೆಲ್ಲ ಅವರವರ ಇಷ್ಟ. ಹೆಸರುಗಳು ಯಾವ ಅನುಕ್ರಮದಲ್ಲಿ ಬರಬೇಕೆಂದು ವಿಧಿಸಲಿಲ್ಲ. ನಾವು ಓದುತ್ತಿರುವಾಗಲೇ ಇನ್ನೊಬ್ಬರು ಹೊಸ ಫೈಲನ್ನು ಸೇರಿಸಿದರೆ ಅದು ಪಟ್ಟಿಯಲ್ಲಿ ಕಾಣಬೇಕೋ ಬೇಡವೋ ಎಂಬುದನ್ನೂ ಕಟ್ಟುಮಾಡಲಿಲ್ಲ. ಸಾಧ್ಯವಾಗದ ಮಾತನ್ನು ಕೊಡದಿರುವುದು ಒಳ್ಳೆಯ ಒಪ್ಪಂದದ ಲಕ್ಷಣವಲ್ಲವೆ?

ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಡಗ್ ಗ್ವಿನ್ ಎಂಬವರು ಈ ಮಾತುಗಳನ್ನು ಹಳೆಯ ವ್ಯವಸ್ಥೆಗಳಲ್ಲಿಯೂ ನಡೆಯುವಂತೆ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಉಚಿತವಾಗಿ ಹಂಚಿದರು. ಇಂತಹ ಕೆಲಸಗಳಿಂದ ಒಪ್ಪಂದ ಕಾಗದದಿಂದ ಯಂತ್ರಕ್ಕೆ ಇಳಿಯಿತು. ಅದೇ 1988ರಲ್ಲಿ ಕರ್ನಿಘನ್ ಮತ್ತು ರಿಚಿಯವರ ಪುಸ್ತಕದ ಎರಡನೆಯ ಆವೃತ್ತಿ ಬಂದಾಗ ನೇರವಾಗಿ ನುಗ್ಗುವ ಮಾದರಿ ಹೋಗಿ, ಓಪನ್‌ಡಿರ್ ರೀಡ್‌ಡಿರ್‌ಗಳ ಮೂಲಕ ಕೇಳಿ ಪಡೆಯುವ ಮಾದರಿ ಬಂದಿತು. ಹತ್ತು ವರ್ಷಗಳಲ್ಲಿ ಆದ ಬದಲಾವಣೆ ಈ ಒಂದು ಪಾಠದಲ್ಲಿ ಕಾಣುತ್ತದೆ. ಆದರೆ 1989ರ ಸಿ ಭಾಷೆಯ ಮಾನಕದವರು ಮಾತ್ರ ಈ ವಿಷಯವನ್ನು ಮುಟ್ಟಲೇ ಇಲ್ಲ. ಡೈರೆಕ್ಟರಿ ಎಂಬುದೇ ಇಲ್ಲದ ಯಂತ್ರಗಳಲ್ಲಿಯೂ ಆ ಭಾಷೆ ನಡೆಯಬೇಕಲ್ಲ!

ಆಚೆಯ ದಡ

ಇಷ್ಟು ಹೊತ್ತು ಹೇಳಿದುದು ಯೂನಿಕ್ಸ್ ವಂಶದ ಕಥೆ. ನಮ್ಮ ಕಚೇರಿಗಳಿಗೂ ಮನೆಗಳಿಗೂ ಮೊದಲು ಬಂದದ್ದಾದರೋ ಮೈಕ್ರೋಸಾಫ್ಟ್ ಕಂಪನಿಯ ಡಾಸ್, ಆಮೇಲೆ ವಿಂಡೋಸ್. 1981ರ ಡಾಸ್‌ನಲ್ಲಿ ಹೆಸರಿಗೆ 8 ಅಕ್ಷರ, ಜಾತಿಯನ್ನು ಹೇಳುವ ಬಾಲಕ್ಕೆ 3 ಅಕ್ಷರ. ಸಾಲಿನ ಅಳತೆ 32 ಬೈಟು. 1983ರಲ್ಲಿ ಫೈಂಡ್‌ಫಸ್ಟ್, ಫೈಂಡ್‌ನೆಕ್ಸ್ಟ್ ಎಂಬ ಮಾತುಗಳು ಬಂದವು. ಇಲ್ಲಿಯೂ ಒಬ್ಬ ಹಿರಿಯರು ಇದ್ದಾರೆ, ಆದರೆ ಅವರ ರೀತಿಯೇ ಬೇರೆ: ಬಾಗಿಲು ತೆರೆಯುವಾಗಲೇ ಮೊದಲ ಹೆಸರನ್ನೂ ಕೈಗಿಡುತ್ತಾರೆ; ಹೆಸರಿನ ಜೊತೆಗೆ ಫೈಲಿನ ಗಾತ್ರ, ತಾರೀಖುಗಳನ್ನೂ ಹೇಳಿಬಿಡುತ್ತಾರೆ.

1995ರಲ್ಲಿ ವಿಂಡೋಸ್ 95 ಬಂದಾಗ ಉದ್ದನೆಯ ಹೆಸರುಗಳಿಗೆ ಅವಕಾಶ ಬೇಕಾಯಿತು. ಹಳೆಯ ಡಾಸ್ ಪ್ರೋಗ್ರಾಮುಗಳನ್ನು ಕೆಡಿಸುವಂತಿರಲಿಲ್ಲ. ಅವರು ಹೂಡಿದ ಉಪಾಯ ಸ್ವಾರಸ್ಯವಾಗಿದೆ. ಉದ್ದ ಹೆಸರನ್ನು ಹದಿಮೂರು ಹದಿಮೂರು ಅಕ್ಷರಗಳ ತುಂಡು ಮಾಡಿ ಒಂದೊಂದು ತುಂಡನ್ನೂ ಒಂದೊಂದು 32 ಬೈಟಿನ ಸಾಲಿನಲ್ಲಿಟ್ಟರು. ಆ ಸಾಲುಗಳ ಮೇಲೆ ಓದಲು ಮಾತ್ರ, ಗುಪ್ತ, ವ್ಯವಸ್ಥೆಗೆ ಸೇರಿದ್ದು, ಡಿಸ್ಕಿನ ಹೆಸರು ಎಂಬ ನಾಲ್ಕು ಗುರುತುಗಳನ್ನೂ ಒಟ್ಟಿಗೆ ಹಾಕಿದರು. ಒಂದು ಮಾಮೂಲು ಫೈಲಿಗೆ ಈ ನಾಲ್ಕೂ ಇರುವುದು ಅಸಂಗತ. ಆದುದರಿಂದ ಹಳೆಯ ಪ್ರೋಗ್ರಾಮುಗಳು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಮುಂದಕ್ಕೆ ಹೋಗುತ್ತಿದ್ದವು. ಅವುಗಳಿಗಾಗಿ ಅಲೆಯಂಥ ಗೆರೆ ಮತ್ತು ಅಂಕಿ ಸೇರಿಸಿದ ಮೊಟಕು ಹೆಸರೊಂದು ಪಕ್ಕದಲ್ಲಿಯೇ ಇರುತ್ತಿತ್ತು.

ಎರಡು ದಡಗಳಿಗೂ ಈವರೆಗೆ ಒಂದೇ ಸೇತುವೆಯಿಲ್ಲ. ಮೈಕ್ರೋಸಾಫ್ಟಿನ ಸಿ ಭಾಷೆಯ ಸಾಮಗ್ರಿಯಲ್ಲಿ ರೀಡ್‌ಡಿರ್ ಇಲ್ಲ. ಎರಡೂ ಕಡೆ ನಡೆಯುವ ಪ್ರೋಗ್ರಾಮು ಬೇಕಾದವರು ನಡುವೆ ದ್ವಿಭಾಷಿಯೊಬ್ಬನನ್ನು ನಿಲ್ಲಿಸಿಕೊಳ್ಳುತ್ತಾರೆ. ಈಚಿನ ಭಾಷೆಗಳು ಆ ದ್ವಿಭಾಷಿಯನ್ನು ತಮ್ಮಲ್ಲಿಯೇ ಇರಿಸಿಕೊಂಡಿವೆ. 2015ರಲ್ಲಿ ಪೈಥಾನ್ ಭಾಷೆಗೆ ಸ್ಕ್ಯಾನ್‌ಡಿರ್ ಎಂಬುದು ಸೇರಿತು. ಹಿರಿಯರು ಹೆಸರಿನೊಂದಿಗೆ ಕೊಡುತ್ತಿದ್ದ ಮಾಹಿತಿಯನ್ನು ಅದುವರೆಗೆ ಬಿಸಾಡಿ ಮತ್ತೆ ಕೇಳಲಾಗುತ್ತಿತ್ತು. ಅದನ್ನು ಉಳಿಸಿಕೊಂಡಿದ್ದರಿಂದಲೇ ಫೋಲ್ಡರುಗಳನ್ನು ಸುತ್ತಿಬರುವ ಕೆಲಸ ವಿಂಡೋಸಿನಲ್ಲಿ 8-9 ಪಟ್ಟು, ಯೂನಿಕ್ಸ್ ವಂಶದಲ್ಲಿ 2-3 ಪಟ್ಟು ಚುರುಕಾಯಿತು. 2017ರ ಸಿ ಪ್ಲಸ್ ಪ್ಲಸ್ ಮಾನಕದಲ್ಲಿಯೂ ಡೈರೆಕ್ಟರಿ ಓದುವ ಸರ್ವಸಮಾನ ವಿಧಾನವೊಂದು ಸೇರಿದೆ.

ಒಪ್ಪಂದದಲ್ಲಿ ಉಳಿದ ಬಿರುಕುಗಳು

ಒಪ್ಪಂದವಾದ ಮಾತ್ರಕ್ಕೆ ತೊಡಕೆಲ್ಲ ತೀರಲಿಲ್ಲ. ರೀಡ್‌ಡಿರ್‌ಗೆ ಹೆಸರುಗಳು ಮುಗಿದರೆ ಅದು ಬರಿಗೈ ತೋರಿಸುತ್ತದೆ. ನಡುವೆ ಡಿಸ್ಕು ಕೆಟ್ಟು ಓದಲಾಗದಿದ್ದರೂ ಬರಿಗೈಯನ್ನೇ ತೋರಿಸುತ್ತದೆ. ಎರಡರ ಭೇದವನ್ನು ತಿಳಿಯಲು ತಪ್ಪಿನ ಗುರುತನ್ನು ಮೊದಲೇ ಸೊನ್ನೆ ಮಾಡಿಟ್ಟು, ಆಮೇಲೆ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸದ ಪ್ರೋಗ್ರಾಮೊಂದು ನಮ್ಮ ಚಿತ್ರಗಳ ಪ್ರತಿ ತೆಗೆಯುತ್ತಿದೆಯೆನ್ನೋಣ. ಸಾವಿರದಲ್ಲಿ ಮುನ್ನೂರು ಆದಮೇಲೆ ಡಿಸ್ಕು ಮುಗ್ಗರಿಸಿದರೆ ಅದು ಪಟ್ಟಿ ಮುಗಿಯಿತೆಂದು ತಿಳಿದು, ಕೆಲಸ ಪೂರ್ಣವಾಯಿತೆಂದು ವರದಿ ಮಾಡೀತು. ಉಳಿದ ಏಳುನೂರು ಇಲ್ಲವೆಂಬುದು ನಮಗೆ ತಿಳಿಯುವಷ್ಟರಲ್ಲಿ ಹಳೆಯ ಡಿಸ್ಕು ಗುಜರಿಗೆ ಹೋಗಿರಬಹುದು.

ಗುರುತು ಹಾಕಿ ಹಿಂದಿರುಗುವ ಮಾತುಗಳ ಕಥೆ ಇನ್ನೂ ವಿಚಿತ್ರ. 2008ರಲ್ಲಿ ಓಪನ್‌ಬಿಎಸ್‌ಡಿ ಬಳಗದ ಮಾರ್ಕ್ ಬಾಲ್ಮರ್ ಎಂಬವರಿಗೆ ಒಂದು ದೂರು ಬಂದಿತು. ಯೂನಿಕ್ಸ್ ಯಂತ್ರದ ಫೈಲುಗಳನ್ನು ವಿಂಡೋಸಿಗೆ ತೋರಿಸುವ ಸಾಂಬಾ ಎಂಬ ಪ್ರೋಗ್ರಾಮು ಡಾಸ್ ಬಗೆಯ ಡಿಸ್ಕಿನ ಮೇಲೆ ಕುಸಿದುಬೀಳುತ್ತಿತ್ತು. ಬೇರನ್ನು ಹುಡುಕಿಕೊಂಡು ಹೋದರೆ ಅದು 1983ರ 4.2 ಬಿಎಸ್‌ಡಿಗೆ ಮುಟ್ಟಿತು. ಕಟ್ಟಿನ ಮೊದಲ ಸಾಲನ್ನು ಅಳಿಸಿದಾಗ ಸೊನ್ನೆ ಹಾಕುತ್ತಾರೆಂದು ಮೇಲೆ ಹೇಳಿದೆವಲ್ಲ, ಗುರುತು ಹಾಕಿದ ಜಾಗಕ್ಕೆ ಹಿಂದಿರುಗುವಾಗ ಆ ಸಂದರ್ಭದಲ್ಲಿಯೇ ಲೆಕ್ಕ ತಪ್ಪುತ್ತಿತ್ತು. ಸಾಂಬಾದವರಿಗೆ ಇದರ ಸುಳಿವು ಮೊದಲೇ ಇದ್ದು, ತಮ್ಮ ಪ್ರೋಗ್ರಾಮಿನಲ್ಲಿ ಬಳಸುದಾರಿಯೊಂದನ್ನು ಮಾಡಿಕೊಂಡಿದ್ದರು. ಬಿಎಸ್‌ಡಿ ವಂಶದ ಎಲ್ಲ ವ್ಯವಸ್ಥೆಗಳಲ್ಲಿಯೂ, ಆಪಲ್‌ನವರದರಲ್ಲಿಯೂ, ಇಪ್ಪತ್ತೈದು ವರ್ಷ ಬದುಕಿದ್ದ ದೋಷವನ್ನು ಆಗ ತಿದ್ದಲಾಯಿತು.

ಇನ್ನೊಂದು, ಸಂಖ್ಯೆಯ ಗಾತ್ರ. ದೊಡ್ಡ ಡಿಸ್ಕುಗಳಲ್ಲಿ ಫೈಲಿನ ಕ್ರಮಸಂಖ್ಯೆ 64 ಬಿಟ್ಟಿನದಾಗಿ ಬೆಳೆದಿದೆ. 32 ಬಿಟ್ಟಿಗೆಂದು ಬರೆದ ಹಳೆಯ ಪ್ರೋಗ್ರಾಮು ಅಂತಹ ಸಂಖ್ಯೆಯನ್ನು ಕಂಡರೆ ಪಾತ್ರೆ ಉಕ್ಕಿತೆಂದು ನಿಂತುಬಿಡುತ್ತದೆ. ಅದಕ್ಕೆ ಬೇಕಾಗಿದ್ದುದು ಹೆಸರು ಮಾತ್ರವಾದರೂ ಬೇಡದ ಸಂಖ್ಯೆಗಾಗಿ ಹೆಸರೂ ಸಿಗದೆ ಹೋಗುತ್ತದೆ. ಒಪ್ಪಂದವೂ ಬೆಳೆಯುತ್ತಲೇ ಇದೆ. 2024ರ ಪಾಸಿಕ್ಸ್ ಆವೃತ್ತಿಯಲ್ಲಿ ಒಮ್ಮೆಗೇ ಹಲವು ಸಾಲುಗಳನ್ನು ತರುವ ಹೊಸ ಮಾತೊಂದು ಸೇರಿದೆ.

ಅಮ್ಮನಿಗೆ ಜಾಗ, ಅಜ್ಜಿಗಿಲ್ಲ

ಈಗ ನಮ್ಮ ನುಡಿಯ ವಿಷಯ. ಯೂನಿಕೋಡ್ ಎಂಬ ವಿಶ್ವಲಿಪಿ ಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಎಂಬ ವಿಧಾನವನ್ನು 1992ರಲ್ಲಿ ನ್ಯೂಜೆರ್ಸಿಯ ಊಟದಂಗಡಿಯೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿದವರು ಅದೇ ಕೆನ್ ಥಾಂಪ್ಸನ್. ಜೊತೆಗಿದ್ದವರು ರಾಬ್ ಪೈಕ್. ಈ ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಸ್ವರಚಿಹ್ನೆಯೂ ಬೇರೆ ಲೆಕ್ಕ, ಒತ್ತಕ್ಷರದ ನಡುವಿನ ಹಲಂತವೂ ಬೇರೆ ಲೆಕ್ಕ.

ಹಳೆಯ ಹದಿನಾಲ್ಕು ಬೈಟಿನ ಮನೆಯೇ ಉಳಿದಿದ್ದರೆ ನಮ್ಮ ಗತಿಯೇನಾಗುತ್ತಿತ್ತು? ‘ಅಮ್ಮ’ ಎಂಬುದು ನಾಲ್ಕು ಸಂಕೇತ, 12 ಬೈಟು, ಹಿಡಿಸುತ್ತಿತ್ತು. ‘ಅಜ್ಜಿ’ ಎಂಬುದು ಐದು ಸಂಕೇತ, 15 ಬೈಟು; ಒಂದೇ ಒಂದು ಬೈಟಿನ ಕೊರತೆಯಿಂದ ಅಜ್ಜಿ ಹೊರಗೆ ನಿಲ್ಲುತ್ತಿದ್ದರು. ‘ಧಾರವಾಡ’ಕ್ಕೆ 18, ‘ಬೆಂಗಳೂರು’ ಎಂಬುದಕ್ಕೆ 24. ಈಗ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 255 ಬೈಟಿನ ಮಿತಿಯಿದೆ, ಅಂದರೆ ಕನ್ನಡದ 85 ಸಂಕೇತಗಳು. ವಿಂಡೋಸಿನ ಲೆಕ್ಕ ಬೈಟಿನದಲ್ಲವಾದ್ದರಿಂದ ಅಲ್ಲಿ 255 ಸಂಕೇತಗಳೂ ಸಲ್ಲುತ್ತವೆ. ಅಲ್ಲಿ ಉದ್ದವಾಗಿ ಇಟ್ಟ ಹೆಸರು ಇಲ್ಲಿಗೆ ಬರುವಾಗ ಬಾಗಿಲಲ್ಲಿಯೇ ತಡೆಯಲ್ಪಡುವುದು ಹೀಗೆ. ಒಂದು ಸಂಗತಿಯಲ್ಲಿ ಮಾತ್ರ ನಾವು ಪುಣ್ಯವಂತರು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ವಿಂಡೋಸ್ ಒಂದೇ ಎನ್ನುತ್ತದೆ, ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ನಮ್ಮ ಲಿಪಿಗೆ ಆ ಜಗಳವೇ ಇಲ್ಲ.

ನಮ್ಮ ಜಗಳ ಬೇರೆಯದು. ‘ಫೋಟೋ’ ಎಂಬ ಮಾತನ್ನು ತೆಗೆದುಕೊಳ್ಳೋಣ. ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಅಥವಾ ಬಿಡಿಸಿ, ಎತ್ವ, ಊತ್ವದ ಕೊಂಬು, ದೀರ್ಘದ ಗುರುತು ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲನೆಯ ರೀತಿಯಲ್ಲಿ ‘ಫೋಟೋ’ 12 ಬೈಟು, ಎರಡನೆಯದರಲ್ಲಿ 24. ಆಪಲ್ ಕಂಪನಿಯು 1998ರಲ್ಲಿ ತಂದ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಾವು ಕೂಡಿಸಿ ಬರೆದು ಕೊಟ್ಟರೂ ರೀಡ್‌ಡಿರ್ ಬಿಡಿಸಿದ ಹೆಸರನ್ನೇ ಹಿಂದಿರುಗಿಸುತ್ತಿತ್ತು. ಅದನ್ನು ಲಿನಕ್ಸ್ ಯಂತ್ರಕ್ಕೆ ಸಾಗಿಸಿದರೆ ಒಂದೇ ಫೋಲ್ಡರಿನಲ್ಲಿ ಎರಡು ‘ಫೋಟೋ’ಗಳು ಅಕ್ಕಪಕ್ಕದಲ್ಲಿ ನಿಲ್ಲಬಹುದು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಪ್ರೋಗ್ರಾಮುಗಾರರು ಬಳಸುವ ಗಿಟ್ ಎಂಬ ಸಾಧನಕ್ಕೆ 2012ರಲ್ಲಿ ಇದಕ್ಕೆಂದೇ ಒಂದು ಪರಿಹಾರ ಸೇರಿತು: ರೀಡ್‌ಡಿರ್ ಕೊಟ್ಟ ಹೆಸರನ್ನು ಮೊದಲು ಕೂಡಿಸಿ, ಆಮೇಲೆ ಹೋಲಿಸುವುದು. 2017ರಿಂದ ಆಪಲ್‌ನವರ ಹೊಸ ವ್ಯವಸ್ಥೆಯು ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇರಿಸಿಕೊಂಡು, ಎರಡು ರೀತಿಗಳನ್ನೂ ಒಂದೇ ಎಂದು ಎಣಿಸುತ್ತಿದೆ.

ಮನೆಯವರು ಮಾಡಬಹುದಾದುದು

ಇಷ್ಟನ್ನೆಲ್ಲ ಓದಿದ ಗೃಹಸ್ಥರು, ಗೃಹಿಣಿಯರು ನಮಗೇನು ಪ್ರಯೋಜನವೆಂದು ಕೇಳಬಹುದು. ಕೆಲವು ಮಾತುಗಳನ್ನು ಸೂಚಿಸುತ್ತೇವೆ.

ಹಳೆಯ ಯಂತ್ರದಿಂದ ಹೊಸದಕ್ಕೆ ಚಿತ್ರಗಳನ್ನು ಸಾಗಿಸಿದ ಮೇಲೆ ಮುಗಿಯಿತೆಂಬ ಸಂದೇಶವನ್ನಷ್ಟೇ ನಂಬಬಾರದು. ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರಗಳನ್ನು ತಾಳೆ ನೋಡಬೇಕು. ಅಲ್ಲಿ ಇಲ್ಲಿ ಕೆಲವನ್ನು ತೆರೆದೂ ನೋಡಬೇಕು. ಅಲ್ಲಿಯವರೆಗೆ ಹಳೆಯದನ್ನು ಕೊಟ್ಟುಬಿಡಬಾರದು.

ಪಟ್ಟಿಯು ಎಲ್ಲ ಯಂತ್ರಗಳಲ್ಲಿಯೂ ಒಂದೇ ಅನುಕ್ರಮದಲ್ಲಿ ಬರುವುದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಕಾಲಕ್ರಮ ಬೇಕಾದವರು ಹೆಸರಿನ ಮೊದಲಲ್ಲಿಯೇ ವರ್ಷ, ತಿಂಗಳು, ದಿನ ಎಂಬ ಸಾಲಿನಲ್ಲಿ ತಾರೀಖನ್ನು ಬರೆದರೆ ಎಲ್ಲಿಯೂ ಸುಲಭವಾಗಿ ಜೋಡಿಸಿಕೊಳ್ಳಬಹುದು.

ಹೆಸರನ್ನು ಹಿತವಾಗಿ, ಮಿತವಾಗಿ ಇಡಬೇಕು. ಮದುವೆಯ ಕರೆಯೋಲೆಯ ಒಕ್ಕಣೆಯಷ್ಟು ಉದ್ದ ಬೇಡ. ಒಂದೇ ಹೆಸರು ಎರಡು ಸಲ ಕಂಡರೆ ಹೆಚ್ಚಿನದೆಂದು ಅಳಿಸುವ ಮೊದಲು ಎರಡನ್ನೂ ತೆರೆದು ನೋಡಬೇಕು. ಹೊರಗೆ ಒಂದೇ ರೂಪ, ಒಳಗೆ ಬೇರೆ ವಸ್ತು ಇದ್ದೀತು.

ಇದರಿಂದ ಹೆದರಿ ಕನ್ನಡದ ಹೆಸರುಗಳನ್ನೇ ಬಿಟ್ಟುಬಿಡುವುದು ಮಾತ್ರ ನಮಗೆ ಸರಿಯೆನಿಸುವುದಿಲ್ಲ. ಬಳಸುವವರು ಇದ್ದಾಗಲೇ ದೋಷ ಕಾಣುವುದು. ಕಂಡಾಗಲೇ ತಿದ್ದುವವರು ಹುಟ್ಟುವುದು. ಇಪ್ಪತ್ತೈದು ವರ್ಷದ ದೋಷವೊಂದು ಬೆಳಕಿಗೆ ಬಂದದ್ದು ಯಾರೋ ಒಬ್ಬ ಬಳಕೆದಾರ ಸುಮ್ಮನಿರದೆ ದೂರು ಕೊಟ್ಟಿದ್ದರಿಂದ. ನಮ್ಮ ಮನೆಯ ಹುಡುಗ ಹುಡುಗಿಯರು ಇದೇ ಕೆಲಸದಲ್ಲಿದ್ದಾರೆ. ‘ಅಜ್ಜಿಯ ಹಾಡು’ ಎಂದು ಹೆಸರಿಟ್ಟ ಫೈಲು ಒಂದು ಯಂತ್ರದಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದೆ ಹೋದರೆ, ಅದು ಏಕೆಂದು ಅವರನ್ನೇ ಕೇಳಿರಿ. ಉತ್ತರ ಹುಡುಕುತ್ತ ಹೋದವರಲ್ಲಿ ಯಾರಾದರೊಬ್ಬರು ಮುಂದಿನ ಒಪ್ಪಂದದ ಮೇಜಿನ ಮುಂದೆ ಕನ್ನಡದ ಪರವಾಗಿ ಕುಳಿತಾರು.